ಪಾಲಿಗೆ ಕೊಟ್ಟ ಹ್ಯಾಟಿ

ಕೋಳಿಯನ್ನು ಎತ್ತಿಕೊಳ್ಳಬೇಕಾದರೆ ಎರಡೂ ರೆಕ್ಕೆಗಳನ್ನು ಮೈಗೆ ಮೆತ್ತಗೆ ಒತ್ತಿ, ಎದೆಯ ಕೆಳಗೆ ಅಂಗೈ ಕೊಡಬೇಕು. ಕಾಲು ಹಿಡಿದರೆ ಓಣಿಗೆಲ್ಲ ಕೇಳುವಂತೆ ಅರಚುತ್ತದೆ. ಅಂಗೈ ಕೊಟ್ಟರೆ ತನ್ನ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಸುಮ್ಮನಾಗುತ್ತದೆ. ಮೊದಲ ಸಲ ಹಿಡಿದಾಗ ಅದರ ಎದೆಯ ಬಿಸಿಗೆ ಬೆಚ್ಚಿ, ಇದಕ್ಕೆ ಜ್ವರ ಬಂದಿದೆ ಎಂದುಕೊಂಡಿದ್ದೆ. ಹಕ್ಕಿಗಳ ಮೈ ನಮ್ಮದಕ್ಕಿಂತ ಬಿಸಿಯಾಗಿಯೇ ಇರುತ್ತದೆ ಎಂದು ನನ್ನ ನಾದಿನಿಯ ಮಗಳು ನಕ್ಕಿದ್ದಳು.

ಇದನ್ನೆಲ್ಲ ನಾನು ಕಲಿತದ್ದು ಈಚೆಗೆ, ಐವತ್ತು ದಾಟಿದ ಮೇಲೆ. ಸವಣೂರಿನ ನಮ್ಮದು ವೈಷ್ಣವರ ಮನೆ. ಮಾವನವರು ಸಂಸ್ಕೃತ ಓದಿಕೊಂಡವರಾಗಿದ್ದರು, ನನ್ನ ಗಂಡ ವಕೀಲರು. ಕೋಳಿ ನಮ್ಮ ಮನೆಯೊಳಗೆ ಬಂದದ್ದು ಮಕ್ಕಳ ಅಕ್ಷರಮಾಲೆಯ ಚಿತ್ರಪಟದಲ್ಲಿ ಮಾತ್ರ. ನಾನು ಓದಿದ್ದು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ. ಅಲ್ಲಿ ಮೆಲ್ಲಗೆ ಮಾತಾಡುವುದನ್ನು ಕಲಿಸಿದರು, ಚಮಚದ ಸದ್ದು ಮಾಡದೆ ಉಣ್ಣುವುದನ್ನು ಕಲಿಸಿದರು. ಮದುವೆಯಾಗಿ ಬಂದ ಮೇಲೆ ಅತ್ತೆಯವರು ಉಳಿದದ್ದನ್ನು ಕಲಿಸಿದರು. ದೀಪ ಆರಿಸು ಅನ್ನಬಾರದು, ಶಾಂತ ಮಾಡು ಅನ್ನಬೇಕು. ಅಕ್ಕಿ ತೀರಿತು ಅನ್ನಬಾರದು, ತುಂಬಿಸಬೇಕು ಅನ್ನಬೇಕು. ಯಾರ ಹೊಸ್ತಿಲಲ್ಲಿಯೂ ನಿಂತು ಕೆಟ್ಟ ಮಾತು ಬಾಯಿಂದ ಹೊರಡಿಸಬಾರದು. ಎರಡೂ ಕಡೆಯ ಪಾಠ ಸೇರಿ, ಕಹಿಯಾದದ್ದನ್ನು ಹೇಳಲಾಗದ ಒಂದು ನಾಲಿಗೆ ನನಗೆ ಬಂತು. ಅದನ್ನು ಎಲ್ಲರೂ ಸೌಮ್ಯ ಸ್ವಭಾವ ಅನ್ನುತ್ತಿದ್ದರು. ನಾನೂ ನಂಬಿದ್ದೆ.

ನಾದಿನಿಯ ಮಗಳು ಪುಣೆಯಲ್ಲಿ ಹುಟ್ಟಿ ಬೆಳೆದವಳು, ಪಶುವೈದ್ಯಕೀಯ ಓದಿ ಈಗ ಸಂಶೋಧನೆ ಮಾಡುತ್ತಿದ್ದಾಳೆ. ಆ ವರ್ಷ ಚಳಿಗಾಲ ಶುರುವಾಗುವ ಮೊದಲು ಯಲವಿಗಿ ಸ್ಟೇಷನ್ನಿನಲ್ಲಿ ಇಳಿದಾಗ ಅವಳ ಬಟ್ಟೆಯ ಚೀಲ ಒಂದೇ ಇತ್ತು. ಉಳಿದದ್ದೆಲ್ಲ ಐಸ್ ಪೆಟ್ಟಿಗೆಗಳು. ಹಕ್ಕಿಜ್ವರದ ಮೇಲೆ ಅವಳ ಕೆಲಸ. ಊಟದ ಹೊತ್ತಿನಲ್ಲಿ ಅವಳು ಅದನ್ನು ನನಗೆ ಬಿಡಿಸಿ ಹೇಳಿದಳು. ಚಳಿಗಾಲದಲ್ಲಿ ದೂರದಿಂದ ಬಾತುಗಳು ನಮ್ಮ ಕೆರೆಗಳಿಗೆ ಬರುತ್ತವೆ. ಕೆಲವಕ್ಕೆ ಮೈಯಲ್ಲಿ ವೈರಾಣು ಇದ್ದರೂ ಏನೂ ಆಗುವುದಿಲ್ಲ, ಹಿಕ್ಕೆಯ ಜೊತೆ ನೀರಿಗೆ ಬಿಡುತ್ತವೆ. ಆ ನೀರು ಕುಡಿದ ಊರಕೋಳಿ ಸಾಯುತ್ತದೆ. ಕೋಳಿಯಿಂದ ಮನುಷ್ಯರಿಗೆ ದಾಟುವುದು ಅಪರೂಪ, ದಾಟಿದರೆ ಬಹಳ ಕೆಟ್ಟದ್ದು. ಆದರೆ ಜ್ವರ ಕೂಡ ಬರಿಸದೆ, ಸದ್ದಿಲ್ಲದೆ ಯಾರನ್ನಾದರೂ ಮುಟ್ಟಿ ಹೋಗಿರಬಹುದೇ? ಹೋಗಿದ್ದರೆ ರಕ್ತದಲ್ಲಿ ಅದರ ಗುರುತು ಉಳಿದಿರುತ್ತದೆ. ಅದಕ್ಕಾಗಿ ಕೋಳಿಗಳ ಗಂಟಲಿನಿಂದ ಹತ್ತಿಕಡ್ಡಿಯಲ್ಲಿ ದ್ರವ ತೆಗೆಯಬೇಕು, ಅವನ್ನು ಸಾಕಿದವರ ತೋಳಿನಿಂದ ಒಂದಿಷ್ಟು ರಕ್ತ ತೆಗೆಯಬೇಕು.

"ಸಾಕಿದವ್ರು ಅಂದ್ರ ಹೆಂಗಸ್ರು," ಎಂದೆ ನಾನು.

"ಹಾ ಮಾಮಿ. ಅದೇ ಪ್ರಾಬ್ಲೆಮ್ ಆಗಿದೆ. ಅವರು ಬಾಗಿಲು ಹಾಕಿಕೊಳ್ತಾರೆ."

ಅವಳ ಕನ್ನಡ ಹಾಗೆ, ಅರ್ಧ ಪುಸ್ತಕದ್ದು, ಅರ್ಧ ಮರಾಠಿಯ ಧಾಟಿಯದು. ಹಳ್ಳಿಗಳಲ್ಲಿ ಗಂಡಸರು ಕಟ್ಟೆಯ ಮೇಲಿಂದಲೇ "ಕೋಳಿ ಹೆಂಗಸೂರ್ವು, ನಮಗೇನ್ ಗೊತ್ತಿಲ್ರಿ" ಅನ್ನುತ್ತಿದ್ದರು. ಹೆಂಗಸರು ಬಿಳಿ ಕೋಟು ಕಂಡ ಕೂಡಲೆ ಕೋಳಿಗಳನ್ನು ಹಿತ್ತಲಿಗೆ ಅಟ್ಟಿ ಚಿಲಕ ಹಾಕುತ್ತಿದ್ದರು. ಮಧ್ಯಾಹ್ನ ನನಗೂ ಬೇರೆ ಕೆಲಸವಿರಲಿಲ್ಲ. ಒಂದು ದಿನ ಅವಳ ಜೀಪಿನಲ್ಲಿ ಜೊತೆಗೆ ಹೋದೆ.

ಹಾನಗಲ್ಲ ಕಡೆಯ ದಾರಿಯಲ್ಲಿ, ಕೆರೆಯಂಚಿನ ಒಂದು ಹಳ್ಳಿ. ಅದರ ಹೆಸರು ಹೇಳುವುದು ಬೇಡ. ಮೊದಲ ಓಣಿಯ ಮೂಲೆಯ ಮನೆಯ ಮುಂದೆ ಒಂದು ಗುಲಾಬಿ ಗಿಡ ಇತ್ತು. ಅದರ ಬುಡದಲ್ಲಿ ತತ್ತಿಯ ಸಿಪ್ಪೆಗಳನ್ನು ಪುಡಿಮಾಡಿ ಹಾಕಿದ್ದರು. ನಮ್ಮ ಕಾನ್ವೆಂಟಿನಲ್ಲಿ ಒಬ್ಬ ವಯಸ್ಸಾದ ಸಿಸ್ಟರ್ ಹೀಗೆಯೇ ಹಾಕುತ್ತಿದ್ದರು. ಬಾಗಿಲ ಸಂದಿಯಲ್ಲಿ ಒಂದು ಕಣ್ಣು ಕಂಡಿತು. ನಾನು ಆ ಕಣ್ಣಿಗೆ ಹೇಳಿದೆ: "ತತ್ತಿ ಸಿಪ್ಪಿ ಹಾಕೀರಿ ಅಂತನ ಹೂವು ಇಷ್ಟು ತುಂಬಿ ಬಿಟ್ಟಾವ ನೋಡ್ರಿ."

ಬಾಗಿಲು ತೆರೆಯಿತು. ನನ್ನದೇ ವಯಸ್ಸಿನ ಹೆಂಗಸು, ಅಗಲವಾದ ಹಣೆ, ಕೈತುಂಬ ಹಸಿರು ಬಳೆ. ಊರಿಗೆಲ್ಲ ಅವಳು ಮೂಲಿಮನಿ ಅಕ್ಕ. ನಾನೂ ಅಕ್ಕ ಎಂದೇ ಕರೆದೆ.

"ನೀವು ಬಾಮಣ್ರು ಕಾಣ್ತೀರಿ," ಅಂದಳು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ. "ಕೋಳಿ ತಿನ್ನೂದಿಲ್ಲ, ಮತ್ಯಾಕ ಕೋಳಿ ಹುಡಿಕ್ಕೋತ ಬಂದ್ರಿ?"

"ಅವಕ್ಕ ಜಡ್ಡು ಐತೇನು ಅಂತ ನೋಡಾಕ್ರಿ."

"ನನ್ನ ಮೊಣಕಾಲು ಮೂರು ವರ್ಷ ಆತು ಜಗ್ಗತೈತಿ. ಅದನ್ನ ನೋಡಾಕ ಒಬ್ರೂ ಜೀಪ್ ತಗೊಂಡು ಬರ್ಲಿಲ್ಲ ನೋಡ್ರಿ."

ನಾವಿಬ್ಬರೂ ನಕ್ಕೆವು. ಹುಡುಗಿಗೆ ಏನೂ ಅರ್ಥವಾಗದಿದ್ದರೂ ಅವಳೂ ನಕ್ಕಳು.

ಹಿತ್ತಲಿನಿಂದ ಕೋಳಿಗಳು ಬರುವ ಮೊದಲು ಒಂದು ಕ್ರಮವಿತ್ತು. ಹುಡುಗಿ ಪ್ರತಿ ಮನೆಯಲ್ಲೂ ಒಂದು ಹಾಳೆ ಓದಿ, ಒಪ್ಪಿಗೆ ಕೇಳಬೇಕು. ಅದು ಗ್ರಂಥದ ಕನ್ನಡ. ಅವಳು ಒಂದೊಂದು ಸಾಲು ಓದಿದಂತೆ ನಾನು ಅದನ್ನು ಮನೆಮಾತಿಗೆ ತಿರುಗಿಸುತ್ತಿದ್ದೆ. ಕೊನೆಯ ಸಾಲು ಹೀಗಿತ್ತು: ಪರೀಕ್ಷೆಯಲ್ಲಿ ರೋಗ ಕಂಡುಬಂದರೆ ಸರಕಾರಕ್ಕೆ ತಿಳಿಸಬೇಕಾಗುತ್ತದೆ, ಆಗ ಸುತ್ತಲಿನ ಎಲ್ಲ ಸಾಕುಹಕ್ಕಿಗಳನ್ನು ನಾಶಪಡಿಸುವ ಸಂಭವವಿದೆ.

ಅಕ್ಕ ಹೊಸ್ತಿಲ ಮೇಲೆ ಕೂತಿದ್ದಳು. ಅವಳ ಸೆರಗಿನ ಹತ್ತಿರ ಒಂದು ಕರಿ ಹ್ಯಾಟಿ, ಎಂದರೆ ಹೆಣ್ಣುಕೋಳಿ, ಮರಿಗಳನ್ನು ರೆಕ್ಕೆಯೊಳಗೆ ಸೇರಿಸಿಕೊಂಡು ಕೂತಿತ್ತು. ಹೊಸ್ತಿಲಿಗೆ ಅರಿಷಿಣ ಹಚ್ಚಿ ಇನ್ನೂ ಒಣಗಿರಲಿಲ್ಲ. ಅಂಥ ಜಾಗದಲ್ಲಿ ನಿಂತು ನಾಶ ಅನ್ನುವ ಮಾತು ನನ್ನ ಬಾಯಿಂದ ಹೇಗೆ ಬರಬೇಕು? ನಾನು ಹೇಳಿದೆ: "ಕೋಳಿಗೆ ಏನೂ ಆಗೂದಿಲ್ರಿ. ಕಡ್ಡಿ ಬಾಯಾಗ ಆಡಿಸಿ ತಗೀತಾಳ, ಅಷ್ಟ. ಏನರ ಇದ್ರ ಸರಕಾರದವ್ರು ಬಂದು ನೋಡ್ತಾರ."

ನೋಡ್ತಾರ. ಅದೇ ನಾನು ಆರಿಸಿಕೊಂಡ ಶಬ್ದ.

ಅಕ್ಕ ಹೆಬ್ಬೆಟ್ಟು ಒತ್ತಲಿಲ್ಲ, ಸಹಿಯನ್ನೇ ಮಾಡಿದಳು. ಆಮೇಲೆ ಓಣಿಯ ಕಡೆ ತಿರುಗಿ, "ಬರ್ರೆ, ಹೆದರಬ್ಯಾಡ್ರಿ, ನಮ್ಮೋರ ಅದಾರ," ಎಂದು ಕೂಗಿದಳು. ಒಂದೊಂದೇ ಚಿಲಕ ಸರಿಯಿತು. ಸಂಜೆಯ ಹೊತ್ತಿಗೆ ಐಸ್ ಪೆಟ್ಟಿಗೆ ತುಂಬಿತ್ತು. ವಾಪಸು ಬರುವಾಗ ಜೀಪಿನಲ್ಲಿ ಹುಡುಗಿ, "ಮಾಮಿ, ಲಾಸ್ಟ್ ಲೈನ್ ಬಹಳ ಸಣ್ಣದಾಗಿ ಹೇಳಿದ್ರಿ ನೀವು," ಎಂದಳು. "ಅರ್ಥ ಅದ ಬಂತವಾ," ಎಂದೆ. ಅವಳಿಗೆ ನನ್ನ ಮೇಲೆ ನಂಬಿಕೆ. ನಮ್ಮ ಭಾಷೆಯಲ್ಲಿ ನನಗಿಂತ ಅವಳಿಗೆ ಏನು ತಿಳಿದೀತು?

ಮನೆಯಲ್ಲಿ ಅತ್ತೆಯವರು ಇಬ್ಬರನ್ನೂ ಹಿತ್ತಲ ಬಾಗಿಲಿನಿಂದಲೇ ಬಚ್ಚಲಿಗೆ ಕಳಿಸುತ್ತಿದ್ದರು. ಸೀರೆ ಬೇರೆ ನೆನೆಸಬೇಕು, ತಲೆಗೆ ನೀರು ಹಾಕಿಕೊಳ್ಳಬೇಕು. "ಅಜ್ಜಿಯ ರೂಲ್ಸ್ ನಮ್ಮ ಲ್ಯಾಬಿಗಿಂತ ಸ್ಟ್ರಿಕ್ಟ್," ಎಂದು ಹುಡುಗಿ ಹೊಗಳುತ್ತಿದ್ದಳು. ಅದು ಪೂರ್ತಿ ನಿಜವಲ್ಲ. ಅತ್ತೆಯವರು ದೂರವಿಡುತ್ತಿದ್ದದ್ದು ರೋಗವನ್ನಲ್ಲ, ಆ ಮನೆಗಳನ್ನು. ನನಗೆ ಗೊತ್ತಿತ್ತು, ಆದರೆ ಹುಡುಗಿಗೆ ಅದನ್ನೂ ಹೇಳಲಿಲ್ಲ.

ಆ ಚಳಿಗಾಲ ನಾವು ಬಹಳ ತಿರುಗಿದೆವು. ಶಿಗ್ಗಾಂವಿ ಕಡೆಯ ಹಳ್ಳಿಗಳು, ಹಿರೇಕೆರೂರಿನ ಸಂತೆ. ಸಂತೆಯಲ್ಲಿ ಗೋವಿನಜೋಳದ ಚೀಲಗಳ ಸಾಲು ಮುಗಿದಲ್ಲಿ ಕಾಲು ಕಟ್ಟಿದ ಕೋಳಿಗಳನ್ನು ತಲೆಕೆಳಗಾಗಿ ಹಿಡಿದು ಮಾರುತ್ತಿದ್ದರು. ಹುಡುಗಿ ಅಲ್ಲಿಯೇ ನೆಲದ ಮೇಲೆ ಕೂತು ಕಡ್ಡಿ ಹಾಕುತ್ತಿದ್ದಳು. ನನ್ನ ಗಂಡ, "ನಿಮ್ಮ ಮಾಮಿ ಹಿಡದ ಕೋಳಿ ಹರಿಕಥಿ ಕೇಳ್ತಾವೇನು?" ಎಂದು ಚಾಷ್ಟಿ ಮಾಡುತ್ತಿದ್ದರು. ನನಗೆ ಖುಷಿಯಾಗಿತ್ತು. ಇಷ್ಟು ವರ್ಷ ನನ್ನ ಮೆಲುಮಾತಿನಿಂದ ಮನೆಯಲ್ಲಿ ಜಗಳ ತಪ್ಪಿತ್ತೇ ಹೊರತು ಬೇರೆ ಏನೂ ಆಗಿರಲಿಲ್ಲ. ಈಗ ಅದರಿಂದ ವಿಜ್ಞಾನಕ್ಕೆ ಬಾಗಿಲು ತೆರೆಯುತ್ತಿತ್ತು.

ಮೂಲೆಮನೆಗೆ ಮತ್ತೆ ಮತ್ತೆ ಹೋದೆವು, ಕೆರೆಗೆ ಹತ್ತಿರದ ಮನೆ ಎಂದು. ಹುಡುಗಿ ಒಳಗೆ ಸೀಸೆಗಳಿಗೆ ಚೀಟಿ ಅಂಟಿಸುವಾಗ ನಾನು ಅಕ್ಕನ ಜೊತೆ ಕಟ್ಟೆಯ ಮೇಲೆ ಕೂರುತ್ತಿದ್ದೆ. ಹಾಗೆ ಒಮ್ಮೆ ಕೂತಾಗ ಕರಿ ಹ್ಯಾಟಿ ಕಾಣಲಿಲ್ಲ. ಕೇಳಿದೆ.

"ಪಾಲಿಗೆ ಕೊಟ್ಟೇನ್ರಿ," ಎಂದಳು ಅಕ್ಕ ದನಿ ಇಳಿಸಿ.

ಪಾಲಿಗೆ ಕೊಡುವುದೆಂದರೆ, ತನ್ನ ಹ್ಯಾಟಿಯನ್ನು ಇನ್ನೊಬ್ಬಳ ಮನೆಯಲ್ಲಿ ಸಾಕಲು ಬಿಡುವುದು. ಅದು ಮಾಡಿದ ಮರಿಗಳಲ್ಲಿ ಅರ್ಧ ಕೊಟ್ಟವಳಿಗೆ, ಅರ್ಧ ಸಾಕಿದವಳಿಗೆ. ಹ್ಯಾಟಿ ಮಾತ್ರ ಕೊಟ್ಟವಳದೇ. ಎಲ್ಲ ಊರುಗಳಲ್ಲೂ ಹೆಂಗಸರು ಹೀಗೆ ಮಾಡುತ್ತಾರೆ. ಗಂಡಸರಿಗೆ ಇದರ ಗೊಡವೆ ಇಲ್ಲ. ಅಕ್ಕನ ತಂಗಿ ಗಂಡನನ್ನು ಬಿಟ್ಟು, ಸಣ್ಣ ಮಗಳನ್ನು ಕರೆದುಕೊಂಡು ತಡಸದ ಆಚೆ ಒಂದು ಬಾಡಿಗೆ ಖೋಲಿಯಲ್ಲಿದ್ದಳು. ಅಕ್ಕನ ಗಂಡ ಅವಳ ಹೆಸರೆತ್ತಿದರೆ ಸಿಟ್ಟಾಗುತ್ತಿದ್ದ. ಹಾಗಾಗಿ ಹ್ಯಾಟಿ ಮತ್ತು ಮರಿಗಳು ಬುಟ್ಟಿಯಲ್ಲಿ, ಮೇಲೆ ಹಳೆ ಸೀರೆ ಹೊದ್ದು, ಬಸ್ಸಿನಲ್ಲಿ ಹೋಗಿದ್ದವು.

"ಅಕೀಗೂ ತನ್ನದು ಅಂತ ಒಂದು ಇರ್ಲಿ ಅಂತ್ರಿ. ಅರ್ಧ ಏನು, ಎಲ್ಲಾ ಅಕಿನ ಇಟ್ಕೊಳ್ಳಿ. ಅಕಿ ಕೂಸು ಒಂದು ಮರೀನ ಅಂಗಿ ಒಳಗ ಇಟ್ಕೊಂಡ ಮಲಗತೈತಂತ." ಅಕ್ಕ ನಕ್ಕಳು. ಆಮೇಲೆ, "ಮನ್ಯಾಗ ಗೊತ್ತಿಲ್ರಿ ಮತ್ತ. ನಿಮಗಷ್ಟ ಹೇಳೇನಿ," ಎಂದು ನನ್ನ ಮೊಣಕೈ ಮುಟ್ಟಿದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಹುಡುಗಿಗೆ ಫೋನು ಬಂತು. ಅವಳು ಇಂಗ್ಲಿಷಿನಲ್ಲಿ ಹೂಂ ಹೂಂ ಎಂದು ಕೇಳಿ, ಫೋನು ಇಟ್ಟು, ಗೋಡೆಗೆ ಮುಖ ಮಾಡಿ ನಿಂತಳು. ಕೆರೆಯಂಚಿನ ಊರಿನ ಕೋಳಿಗಳಲ್ಲಿ ವೈರಾಣು ಸಿಕ್ಕಿತ್ತು. ಮೂಲೆಮನೆಯ ಹುಂಜದಲ್ಲಿ, ಆ ಓಣಿಯ ಇನ್ನೆರಡು ಮನೆಗಳಲ್ಲಿ. ಸರಕಾರದಿಂದ ಪ್ರಕಟಣೆ ಬರುವವರೆಗೆ ಯಾರಿಗೂ ಹೇಳುವ ಹಾಗಿಲ್ಲ ಎಂದಳು. ಆ ಸಂಜೆ ನಾನು ಅವರೆಕಾಯಿ ಬಿಡಿಸುತ್ತ ಕೂತೆ. ಎಷ್ಟು ಹೊತ್ತು ಬಿಡಿಸಿದೆನೆಂದರೆ, ಕೊನೆಗೆ ನೋಡಿದರೆ ಸಿಪ್ಪೆಯನ್ನು ಪಾತ್ರೆಗೆ ಹಾಕಿ ಕಾಳನ್ನು ಚೆಲ್ಲಿದ್ದೆ.

ಕೋಳಿಗಳನ್ನು ಕೊಂದ ದಿನ ನಾನು ಅಲ್ಲಿ ಇರಲಿಲ್ಲ. ನನ್ನನ್ನು ಬರಬೇಡ ಎಂದಿದ್ದರು, ನಾನೂ ಒತ್ತಾಯ ಮಾಡಲಿಲ್ಲ. ಹುಡುಗಿ ಹೋಗಿದ್ದಳು. ಬಿಳಿ ಮುಸುಕು ಹಾಕಿಕೊಂಡವರು ಮನೆಮನೆಗೆ ಹೋದದ್ದು, ಕೆಲವು ಕೋಳಿಗಳು ಬೇವಿನ ಮರ ಹತ್ತಿ ಕೂತದ್ದು, ಕೊನೆಗೆ ಅವುಗಳ ಒಡತಿಯರೇ ಕಾಳು ತೋರಿಸಿ ಕೆಳಗೆ ಕರೆಯಬೇಕಾಗಿ ಬಂದದ್ದು, ಇದನ್ನೆಲ್ಲ ಅವಳೇ ಹೇಳಿದಳು. ಕೋಳಿ ಮುಟ್ಟಿದವರಿಗೆಲ್ಲ ಗುಳಿಗೆ ಕೊಟ್ಟಿದ್ದರು. ಆಶಾ ಕಾರ್ಯಕರ್ತೆಯರು ದಿನಾ ಹೋಗಿ ಜ್ವರ ಕೇಳುತ್ತಿದ್ದರು.

"ಮೂಲೆಮನೆ ಅಕ್ಕ ಏನಂದ್ಲು?" ಎಂದು ಕೇಳಿದೆ.

"'ನೋಡ್ತಾರ ಅಂದಿದ್ರಿ' ಅಂದ್ರು. ಅಷ್ಟೇ. ನನಗೆ ತಿಳೀಲಿಲ್ಲ ಮಾಮಿ, ಏನು ನೋಡೋದು?"

ನಾನು ತಾಟು ಹಾಕಲು ಒಳಗೆ ಹೋದೆ.

ಅವಳು ಊಟಕ್ಕೆ ಕೂತಾಗ ಇನ್ನೊಂದು ಮಾತು ಹೇಳಿದಳು. ಈಚೆಗೆ ಊರಿನಿಂದ ಹೊರಗೆ ಕೋಳಿ ಹೋಗಿವೆಯೇ ಎಂದು ಅಧಿಕಾರಿಗಳು ಮನೆಮನೆಯಲ್ಲೂ ಕೇಳಿದ್ದರು. ಹೋಗಿದ್ದರೆ ಅವುಗಳ ಬೆನ್ನು ಹತ್ತಬೇಕು, ಇಲ್ಲದಿದ್ದರೆ ರೋಗ ಅಲ್ಲಿಯೂ ಹಬ್ಬುತ್ತದೆ. "ಎಲ್ಲರೂ ಇಲ್ಲ ಅಂದ್ರು. ಒಳ್ಳೇದೇ ಆಯ್ತು."

ನನ್ನ ಕೈಯಲ್ಲಿ ಸಾರಿನ ಸೌಟು ಇತ್ತು. "ಇನ್ನೊಂಚೂರು ಹಾಕ್ಲೇನು?" ಎಂದೆ.

ಎಂಥ ಹಗುರವಾದ ಮಾತು ಅದು. ಆದರೆ ನನ್ನ ಒಳಗೆ ನಡೆದದ್ದನ್ನು ಪ್ರಾಮಾಣಿಕವಾಗಿ ಬರೆಯಬೇಕು. ಅಕ್ಕನ ಹಿತ್ತಲು ಈಗ ಬರಿದಾಗಿದೆ, ಅದು ನನ್ನಿಂದ. ಅವಳಿಗೆ ಉಳಿದದ್ದು ತಡಸದ ಆಚೆ ಇರುವ ಆ ಒಂದು ಹ್ಯಾಟಿ. ಅದನ್ನೂ ನಾನೇ ತೋರಿಸಿಕೊಡಲೇ? ಅದು ಹೋದಾಗ ಇಲ್ಲಿ ರೋಗ ಬಂದಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಕಟ್ಟಿಗೆಯ ಜಾಳಿಗೆಯ ಆಚೆ ಕೂತ ಪಾದ್ರಿಗೆ ತಮ್ಮ ತಪ್ಪುಗಳನ್ನು ಪಿಸುಗುಟ್ಟಿ ಹಗುರಾಗಿ ಹೊರಗೆ ಬರುವುದನ್ನು ನಾನು ಪಡಸಾಲೆಯಿಂದ ನೋಡುತ್ತಿದ್ದೆ. ನನಗೆ ಹಾಗೆ ಮಾಡಲು ಎಲ್ಲಿಯೂ ಜಾಗವಿರಲಿಲ್ಲ. ಎರಡು ದಿನ ಸುಮ್ಮನಿದ್ದೆ.

ಮೂರನೆಯ ಬೆಳಿಗ್ಗೆ ಹೂ ಕಟ್ಟುತ್ತಿದ್ದಾಗ ಪಕ್ಕದ ಮನೆಯ ಮಗು ಕೆಮ್ಮುವುದು ಕೇಳಿಸಿತು. ಸಾಮಾನ್ಯ ಕೆಮ್ಮು, ದಿನಾ ಕೇಳುವಂಥದ್ದು. ಆದರೆ ನನ್ನ ಕಣ್ಣ ಮುಂದೆ ಅಂಗಿಯೊಳಗೆ ಮರಿ ಇಟ್ಟುಕೊಂಡು ಮಲಗಿದ ಮಗು ಬಂತು. ನಾನು ನೋಡದ ಮಗು. ದಾರ ಕೆಳಗಿಟ್ಟು ಹುಡುಗಿಯ ಖೋಲಿಗೆ ಹೋಗಿ ಹೇಳಿದೆ.

ಅವಳು ಬೈಯಲಿಲ್ಲ. ಬಾಚುತ್ತಿದ್ದ ಹಣಿಗೆ ಅರ್ಧ ಕೂದಲಲ್ಲೇ ನಿಂತಿತ್ತು. "ಮಾಮಿ, ಮೊದಲೇ ಹೇಳಬೇಕಿತ್ತು," ಎಂದಳು ಬಹಳ ಮೆಲ್ಲಗೆ, ಆಮೇಲೆ ಫೋನು ಹುಡುಕಿದಳು.

ಮನೆ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ, ತಂಗಿ ಬಿಳಿ ಕೋಟಿಗೆ ಬಾಗಿಲು ತೆರೆಯುವುದೂ ಅನುಮಾನ. ಹಾಗಾಗಿ ನಾನೂ ಹೋಗಬೇಕಾಯಿತು. ತಡಸ ದಾಟಿ ಅಲ್ಲಲ್ಲಿ ಕೇಳುತ್ತ ಹೋದೆವು. ಖೋಲಿ ಸಿಕ್ಕಿತು. ಬಾಗಿಲ ಮುಂದೆ ಹರಿದ ಸೀರೆ ಕಟ್ಟಿ ಮಾಡಿದ ಒಂದು ಸಣ್ಣ ಬೇಲಿ, ಅದರೊಳಗೆ ಕರಿ ಹ್ಯಾಟಿ ಮಣ್ಣು ಕೆದರುತ್ತಿತ್ತು. ಮರಿಗಳು ಬೆಳೆದು ಕಾಲು ಉದ್ದವಾಗಿದ್ದವು. ತಂಗಿಗೆ ಅಕ್ಕನದೇ ಹಣೆ.

"ಅಕ್ಕನ ಕಡೆಯಿಂದ ಬಂದೇನವ್ವಾ," ಎಂದೆ. ಅವಳ ಮುಖ ಅರಳಿತು, ಒಳಗೆ ಬರ್ರಿ ಎಂದಳು. ನಾನು ಮತ್ತೆ ಅದನ್ನೇ ಮಾಡಿದ್ದೆ. ಸುಳ್ಳಲ್ಲದ, ನಿಜವೂ ಅಲ್ಲದ ಒಂದು ಮಾತಿನಿಂದ ಮತ್ತೊಂದು ಬಾಗಿಲು ತೆರೆಸಿದ್ದೆ.

ಮಗಳು ಚಾಪೆಯ ಮೇಲೆ ಮಲಗಿದ್ದಳು. ಮೂಗು ಸುರಿಯುತ್ತಿತ್ತು, ಮುಟ್ಟಿದರೆ ಹಣೆ ಬೆಚ್ಚಗಿತ್ತು. ಹುಡುಗಿ ನನ್ನ ಕಡೆ ನೋಡಿದಳು. "ಮರಿ ಯಾವರ ಸತ್ತಾವೇನ್ರಿ?" ಎಂದು ನಾನು ಕೇಳಿದೆ. ಒಂದೆರಡು ಸತ್ತಿದ್ದವು, ತಂಗಿ ಅವನ್ನು ಹಿಂದೆ ಹುಗಿದಿದ್ದಳು. ಅಷ್ಟು ಹೊತ್ತಿಗೆ ಬಿಳಿ ಮುಸುಕಿನವರು ಬಾಗಿಲಿಗೆ ಬಂದಿದ್ದರು. ಅವಳಿಗೆ ತಿಳಿಯಿತು.

"ಅಕ್ಕ ಹೇಳಿದ್ಲೇನ್ರಿ ನಿಮಗ, ಇವನ್ನ ಒಯ್ಯಾಕ?"

"ಇಲ್ಲ. ಅಕ್ಕಗ ಗೊತ್ತಿಲ್ಲ. ನಾನ ಹೇಳಿದೆ."

ಇದೊಂದು ಮಾತು ನೇರವಾಗಿ ಬಂತು.

ಅವಳು ಬೇಲಿಯ ಸೀರೆಯನ್ನು ತಾನೇ ಬಿಚ್ಚಿ ಮಡಿಕೆ ಮಾಡಿ ಇಟ್ಟಳು, ಕಟ್ಟಿದ ಗಂಟುಗಳನ್ನು ಹಲ್ಲಿನಿಂದ ಸಡಿಲಿಸುತ್ತ. ಮಗಳ ಮೂಗಿನಲ್ಲಿ ಹುಡುಗಿ ಕಡ್ಡಿ ಹಾಕಿದಾಗ ಮಾತ್ರ ಮಗುವಿನ ಎರಡೂ ಕೈ ಹಿಡಿದುಕೊಂಡು, "ಇಂಥಾ ಅಮ್ಮಾರ ಮಾತು ಕೇಳಬಾರದು ಇನ್ನ," ಎಂದಳು, ನನಗೆ ಕೇಳುವಂತೆ, ಮಗುವಿಗೆ ಹೇಳಿದಂತೆ. ಮಗುವನ್ನು ಆಸ್ಪತ್ರೆಗೆ ಒಯ್ದು ಬೇರೆ ಕೋಣೆಯಲ್ಲಿ ಇರಿಸಿದರು. ಹ್ಯಾಟಿಯನ್ನೂ ಮರಿಗಳನ್ನೂ ಅಲ್ಲಿಯೇ ಮುಗಿಸಿದರು. ಒಬ್ಬ ಕೆಲಸದವನು ಹ್ಯಾಟಿಯನ್ನು ಕಾಲು ಹಿಡಿದು ಎತ್ತಿದ. ಹಾಗಲ್ಲ ಎನ್ನಬೇಕೆನಿಸಿತು. ಯಾವ ಮುಖದಿಂದ ಹೇಳಬೇಕು?

ಫಲಿತಾಂಶ ಬರುವವರೆಗೆ ನಾನು ಏನು ತಿಂದೆ, ಏನು ಅಡಿಗೆ ಮಾಡಿದೆ ನೆನಪಿಲ್ಲ. ಅತ್ತೆಯವರು, "ಸಾರಿಗೆ ಉಪ್ಪಿಲ್ಲ, ಪಲ್ಯಾಕ್ಕ ಎರಡು ಸಲ ಬಿದ್ದದ, ಯಾವ ಊರಾಗ ಅದೀಯವಾ?" ಎಂದರು. ದೇವರ ಮುಂದೆ ಕೂತರೆ ಬೇಡುವುದು ಏನೆಂದು ತಿಳಿಯುತ್ತಿರಲಿಲ್ಲ. ಮಗುವಿಗೆ ಏನೂ ಆಗದಿರಲಿ ಎಂದು ಬೇಡುವುದು ಸುಲಭ. ಅದರ ಬೆನ್ನಿಗೇ ಇನ್ನೊಂದು ಬರುತ್ತಿತ್ತು: ಕೋಳಿಯಲ್ಲಾದರೂ ಏನಾದರೂ ಸಿಗಲಿ, ನಾನು ಹೇಳಿದ್ದು ಸುಮ್ಮನೆ ಆಗದಿರಲಿ. ಒಂದು ರೋಗ ಸಿಗಲಿ ಎಂದು ದೇವರ ಮುಂದೆ ಕೂತು ಆಸೆಪಟ್ಟವಳು ನಾನು.

ಏನೂ ಸಿಗಲಿಲ್ಲ. ಮಗುವಿನದು ಸಾದಾ ನೆಗಡಿಜ್ವರ. ಹ್ಯಾಟಿಯಲ್ಲಿಯೂ ಮರಿಗಳಲ್ಲಿಯೂ ಹಕ್ಕಿಜ್ವರ ಇರಲಿಲ್ಲ. ಸತ್ತ ಮರಿಗಳು ಕೊಕ್ಕರೆ ರೋಗದಿಂದ ಸತ್ತಿರಬೇಕು, ಊರಕೋಳಿಗಳಿಗೆ ಅದು ಬರುತ್ತಲೇ ಇರುತ್ತದೆ ಎಂದಳು ಹುಡುಗಿ. ಅವಳು ಖುಷಿಯಾಗಿದ್ದಳು, ಖುಷಿಯಾಗಲೇಬೇಕು. ವೈರಾಣು ಆ ಊರು ದಾಟಿರಲಿಲ್ಲ. ನೀವು ಹೇಳಿದ್ದು ಸರಿ ಮಾಮಿ, ನೂರಕ್ಕೆ ನೂರು ಸರಿ, ಎಂದು ನನ್ನ ಭುಜ ಹಿಡಿದು ಹೇಳಿದಳು. ತಲೆಗೆ ಒಪ್ಪಿಗೆಯಾಯಿತು. ಅದೇ ರೋಗ ಅಲ್ಲಿ ಇದ್ದಿದ್ದರೆ ನನ್ನ ಆ ಎರಡು ದಿನಗಳ ಮೌನ ಏನಾಗುತ್ತಿತ್ತು ಎಂಬುದೂ ತಲೆಗೆ ಗೊತ್ತು. ಆದರೂ ಸಡಿಲಿಸಿದ ಆ ಗಂಟುಗಳು, ಮಡಿಸಿಟ್ಟ ಆ ಸೀರೆ ಕಣ್ಣ ಮುಂದಿನಿಂದ ಹೋಗಲಿಲ್ಲ.

ಬೇಸಿಗೆ ಬಂತು. ಹುಡುಗಿಗೆ ಇನ್ನೊಂದು ಕೆಲಸ ಉಳಿದಿತ್ತು. ಮೊದಲು ರಕ್ತ ಕೊಟ್ಟ ಹೆಂಗಸರಿಂದಲೇ ಮತ್ತೊಮ್ಮೆ ರಕ್ತ ತೆಗೆಯಬೇಕು. ರೋಗ ಬರುವ ಮೊದಲಿನ ರಕ್ತ, ಬಂದು ಹೋದ ಮೇಲಿನ ರಕ್ತ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ವೈರಾಣು ಯಾರನ್ನಾದರೂ ಸದ್ದಿಲ್ಲದೆ ಮುಟ್ಟಿದೆಯೇ ಎಂದು ಹೇಳಬಹುದು. ಒಂದೇ ಇದ್ದರೆ ಅದು ಏನನ್ನೂ ಹೇಳದು. ಕೆರೆಯಂಚಿನ ಊರು ಈಗ ಅವಳ ಇಡೀ ಸಂಶೋಧನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಊರು.

"ನಾ ಬರೂದಿಲ್ಲವಾ," ಎಂದೆ.

"ನೀವು ಬರದಿದ್ರೆ ಅವರು ಬಾಗಿಲು ತೆಗೆಯೋದಿಲ್ಲ ಮಾಮಿ."

"ನಾ ಬಂದ್ರ ತಗೀತಾರೇನು?"

ಆದರೂ ಹೋದೆ. ಹೋಗದಿದ್ದರೆ ಇನ್ನೊಂದು ತಪ್ಪು ಸೇರುತ್ತಿತ್ತು. ಓಣಿ ಬಹಳ ಸ್ವಚ್ಛವಾಗಿತ್ತು, ಅಂಗಳಗಳಲ್ಲಿ ಕೆದರಿದ ಗುರುತೇ ಇಲ್ಲ. ಜೀಪಿನ ಸದ್ದು ನಿಂತ ಮೇಲೆ ಏನೂ ಕೇಳಿಸಲಿಲ್ಲ. ಆ ಹೊತ್ತಿಗೆ ಆ ಓಣಿಯಲ್ಲಿ ಅಂಥ ಮೌನ ಇರಬಾರದಿತ್ತು. ಎದುರು ಮನೆಯ ಮುದುಕಿ ಗೋಡೆಗೆ ಒರಗಿಕೊಂಡೇ ಮೂಲೆಮನೆಗೆ ಕೂಗಿದಳು: "ಏ, ನಿಮ್ಮೋರು ಬಂದಾರ ನೋಡ. ಈ ಸಲ ಏನ ಒಯ್ಯತಾರಂತ ಕೇಳ, ನಿನ್ನ ಗಂಡನ್ನ ಕೊಟ್ಟ ಕಳಸ."

ಅಕ್ಕ ಬಾಗಿಲಿಗೆ ಬಂದಳು. ಸೊರಗಿರಲಿಲ್ಲ, ಹಾಗೆಯೇ ಇದ್ದಳು. ಅದೂ ಒಂದು ರೀತಿಯಲ್ಲಿ ನನಗೆ ಕಷ್ಟವಾಯಿತು. ನನ್ನನ್ನು ನೋಡಿ, "ಆರಾಮ ಅದೀರೇನ್ರಿ?" ಎಂದು ಕೇಳಿದಳು. ಪರಕೀಯರನ್ನು ಕೇಳುವ ಹಾಗೆ, ಪೂರ್ತಿ ಮರ್ಯಾದೆಯಿಂದ.

ನಾನು ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡದ್ದನ್ನು ಹೇಳಿದೆ. "ಅಕ್ಕಾ, ಆ ಹಾಳ್ಯಾಗ ಕೊನಿಗೆ ಒಂದು ಮಾತು ಇತ್ತು. ಜಡ್ಡು ಸಿಕ್ರ ಎಲ್ಲಾ ಕೋಳಿ ಕೊಲ್ತಾರ ಅಂತ. ನಾ ಅದನ್ನ ನಿಮಗ ಹೇಳ್ಲಿಲ್ಲ. ಬಾಯಿ ಬರ್ಲಿಲ್ಲ."

"ಗೊತ್ತಾತ್ರಿ. ಹುಡುಗೂರು ಓದಿ ಹೇಳಿದ್ರು ಆಮ್ಯಾಲ."

"ತಂಗಿಗೆ…"

"ತಂಗೀದು ಬಿಡ್ರಿ." ಅವಳು ಸ್ವಲ್ಪ ಹೊತ್ತು ಕೆರೆಯ ಕಡೆ ನೋಡಿದಳು. "ಹೇಳಿದ್ದಕ್ಕ ನಾ ಏನೂ ಅನ್ನೂದಿಲ್ಲ. ಕೂಸು ಇತ್ತು ಅಲ್ಲೆ, ನಾನರ ಹೇಳಬೇಕಾಗಿತ್ತು. ನಾನೂ ಸುಮ್ಮಕಾದೆ. ಆದ್ರ ಮೊದಲನೇ ದಿನ ಹೇಳಿದ್ರ, ನಾನ ನಿಂತು ಒಲ್ಲೆ ಅಂತಿದ್ನೋ, ಹೂಂ ಅಂತಿದ್ನೋ, ಅದು ನನ್ನ ಕೈಯಾಗ ಇರ್ತಿತ್ತಲ್ರಿ. ಈ ಓಣ್ಯಾಗ ಎಲ್ಲಾರನೂ ನಾ ಕರದೇನಿ. ಈಗ ನನ್ನ ಮಾತಿಗೆ ಒಬ್ರೂ ಹೊಳ್ಳಿ ನೋಡೂದಿಲ್ಲ."

ಹುಡುಗಿ ಹಿಂದೆ ಪೆಟ್ಟಿಗೆ ಹಿಡಿದು ನಿಂತಿದ್ದಳು. ಅಕ್ಕ ಅವಳನ್ನು ನೋಡಿದಳು.

"ಈಗೇನು ರಕ್ತ ಬೇಕೇನು ಮತ್ತ? ಇದ್ರಾಗ ಏನರ ಸಿಕ್ರ ನಮ್ಮನ್ನ ಏನ್ ಮಾಡ್ತಾರ?"

ಹುಡುಗಿ ಅಭ್ಯಾಸದಂತೆ ನನ್ನ ಕಡೆ ತಿರುಗಿದಳು, ನಾನು ತಿರುಗಿಸಿ ಹೇಳಲಿ ಎಂದು. ನಾಲಿಗೆಯ ತುದಿಗೆ ಏನೂ ಮಾಡೂದಿಲ್ರಿ ಎಂಬ ಮಾತು ಬಂದೇ ಬಿಟ್ಟಿತ್ತು. ಬಹುಶಃ ಅದು ನಿಜವೂ ಆಗಿತ್ತು. ಅದನ್ನು ನುಂಗಿದೆ. "ನೀನ ಹೇಳವಾ," ಎಂದೆ.

"ಅಕೀನ ಹೇಳ್ಲಿ," ಎಂದಳು ಅಕ್ಕ. "ನೀವು ಹೊರಗ ಕುಂದರ್ರಿ."

ಸಿಟ್ಟಿನಿಂದ ಹೇಳಿದ್ದಲ್ಲ. ಅಡ್ಡವಿದ್ದ ಕೊಡವನ್ನು ಪಕ್ಕಕ್ಕೆ ಇಟ್ಟ ಹಾಗೆ ಹೇಳಿದಳು. ನಾನು ಬೇವಿನ ಬುಡಕ್ಕೆ ಹೋಗಿ ಕೂತೆ. ಬಾಗಿಲು ತೆರೆದೇ ಇತ್ತು, ಒಳಗಿನದೆಲ್ಲ ಕೇಳುತ್ತಿತ್ತು. ಹುಡುಗಿ ಹಾಳೆಯನ್ನು ಓದತೊಡಗಿದಳು, ಒಂದೊಂದೇ ಸಾಲು, ತಪ್ಪು ಉಚ್ಚಾರದಲ್ಲಿ. ಕೊನೆಯ ಸಾಲಿಗೆ ಬಂದಾಗಲೂ ಅವಳ ದನಿ ಬದಲಾಗಲಿಲ್ಲ. ರಕ್ತದಲ್ಲಿ ಗುರುತು ಸಿಕ್ಕರೆ ಹೆಸರು ಆರೋಗ್ಯ ಇಲಾಖೆಗೆ ಹೋಗುತ್ತದೆ, ನಿಮ್ಮನ್ನು ಮತ್ತೆ ಪರೀಕ್ಷೆಗೆ ಕರೆಯಬಹುದು, ಕೆಲವು ದಿನ ಮನೆಯಿಂದ ಹೊರಗೆ ಹೋಗಬೇಡಿ ಎನ್ನಬಹುದು, ನನಗೆ ಗೊತ್ತಿಲ್ಲದ್ದು ಇನ್ನೂ ಇರಬಹುದು, ಎಂದಳು. ಒಲ್ಲೆ ಅಂದರೂ ನಡೆಯುತ್ತದೆ ಎಂದಳು.

"ಒಲ್ಲೆ ಅಂದ್ರ ನಿನಗ ಲುಕ್ಸಾನ ಆಗೂದಿಲ್ಲೇನು?" ಎಂದು ಅಕ್ಕ ಕೇಳಿದಳು.

"ಆಗ್ತದೆ. ನನ್ನ ಕೆಲಸ ಅರ್ಧ ಆಗಿ ಉಳಿತದೆ."

ಬೇವಿನ ಕಾಯಿ ಒಂದು ನನ್ನ ಮಡಿಲಿಗೆ ಬಿತ್ತು. ಆಮೇಲೆ ಬಳೆಗಳನ್ನು ಮೊಣಕೈಯವರೆಗೆ ಸರಿಸುವ ಸದ್ದು ಕೇಳಿಸಿತು. "ಎಡಗೈ ತಗೋ, ಬಲಗೈಲೆ ರೊಟ್ಟಿ ಬಡೀಬೇಕು," ಎಂದಳು ಅಕ್ಕ. ಹುಡುಗಿ ಏನೋ ಕೇಳಿದಳು, ಮುಷ್ಟಿ ಎನ್ನಲು ಹೋಗಿ ಬೇರೆ ಏನೋ ಅಂದಿರಬೇಕು. ಅಕ್ಕ ನಕ್ಕಳು, ತಿದ್ದಿದಳು.

ಎದುರು ಮನೆಯ ಮುದುಕಿ ಗೋಡೆ ಬಿಟ್ಟು ಎದ್ದು, ನನ್ನನ್ನು ದಾಟಿ ಬಾಗಿಲವರೆಗೆ ಹೋಗಿ ಇಣುಕಿ ನೋಡಿದಳು. ಒಳಗೆ ಕರೆದದ್ದು ಕೇಳಿಸಲಿಲ್ಲ, ಆದರೆ ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬಳು ಬಂದಳು. ನನ್ನನ್ನು ಕಂಡು ತಲೆಯ ಮೇಲೆ ಸೆರಗು ಎಳೆದುಕೊಂಡು ಒಳಗೆ ಹೋದಳು. ಬಾಗಿಲ ಮುಂದೆ ಚಪ್ಪಲಿಗಳು ಹೆಚ್ಚಾಗುತ್ತ ಹೋದವು. ನಾನು ಬಿಸಿಲು ಬಂದಾಗ ನೆರಳಿನ ಕಡೆಗೆ ಸರಿದು ಕೂತೆ, ಮತ್ತೆ ಬಿಸಿಲು ಬಂದಾಗ ಮತ್ತೆ ಸರಿದೆ. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ನಾನೂ ಕಾಯಲಿಲ್ಲ.